ಡಾ. ಬಿ.ಆರ್. ಅಂಬೇಡ್ಕರ್ ಅವರ ಜೀವನ ಮತ್ತು ನಾಗರಿಕರ ಮೂಲಭೂತ ಹಕ್ಕುಗಳು

ಪರಿಚಯ

ಭಾರತ ಸಂವಿಧಾನದ ಶಿಲ್ಪಿ ಎಂದು ಪ್ರಸಿದ್ಧರಾದ ಡಾ. ಭೀಮರಾವ್ ರಾಮ್‌ಜಿ ಅಂಬೇಡ್ಕರ್ ಅವರು ನ್ಯಾಯವಾದಿ, ಅರ್ಥಶಾಸ್ತ್ರಜ್ಞ, ಪತ್ರಕರ್ತ, ಶಾಸಕ ಹಾಗೂ ಸಮಾಜ ಸುಧಾರಕರಾಗಿ ನಾಡಿಗೆ ಅಪಾರ ಸೇವೆ ಸಲ್ಲಿಸಿದವರು. ಸಂವಿಧಾನದ ಮೂರನೆಯ ಭಾಗದಲ್ಲಿರುವ ಮೂಲಭೂತ ಹಕ್ಕುಗಳ ಬಗ್ಗೆ ಶಾಲಾ ಪಠ್ಯಗಳಲ್ಲಿ ಎಲ್ಲರೂ ಓದಿರುತ್ತಾರೆ. ಆದರೆ ಆ ಹಕ್ಕುಗಳ ಜೊತೆಯಲ್ಲಿಯೇ ಅವುಗಳನ್ನು ನ್ಯಾಯಾಲಯದ ಮೂಲಕ ಪಡೆದುಕೊಳ್ಳುವ ದಾರಿಯನ್ನೂ ಸಂವಿಧಾನದಲ್ಲಿ ಏಕೆ ಸೇರಿಸಲಾಯಿತು ಎಂಬುದನ್ನು ತಿಳಿಯಬೇಕಾದರೆ ಅಂಬೇಡ್ಕರ್ ಅವರ ಜೀವನವನ್ನು ಅರಿಯುವುದು ಅವಶ್ಯಕ. ಕಾಗದದ ಮೇಲೆ ದೊರೆತ ಹಕ್ಕು ಕೈಗೆ ಸಿಗದೆ ಹೋದಾಗ ಏನಾಗುತ್ತದೆ ಎಂಬುದನ್ನು ಅವರು ಸ್ವತಃ ಅನುಭವಿಸಿದ್ದರು. ಸರ್ಕಾರದ ಸೇವೆ ಹಾಗೂ ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಅವರ ಸಂಕ್ಷಿಪ್ತ ಜೀವನ ಚರಿತ್ರೆಯನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಇಂದಿನ ಮಧ್ಯಪ್ರದೇಶ ರಾಜ್ಯದ ಮಹೂ ಎಂಬ ಸೇನಾ ಠಾಣ್ಯದಲ್ಲಿ ಜನಿಸಿದರು. ತಂದೆ ರಾಮ್‌ಜಿ ಮಾಲೋಜಿ ಸಕ್ಪಾಲ್ ಅವರು ಬ್ರಿಟಿಷ್ ಭಾರತದ ಸೇನೆಯಲ್ಲಿ ಸುಬೇದಾರರಾಗಿದ್ದರು. ತಾಯಿ ಭೀಮಾಬಾಯಿ. ದಂಪತಿಗಳ ಹದಿನಾಲ್ಕು ಮಕ್ಕಳಲ್ಲಿ ಭೀಮರಾವ್ ಅವರೇ ಕೊನೆಯವರು. ಕುಟುಂಬದ ಮೂಲ ಊರು ಕೊಂಕಣದ ರತ್ನಾಗಿರಿ ಜಿಲ್ಲೆಯ ಅಂಬಡವೆ. ಅಂದು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಮಹಾರ್ ಸಮುದಾಯಕ್ಕೆ ಈ ಕುಟುಂಬ ಸೇರಿತ್ತು.

ತಂದೆಯವರು ನಿವೃತ್ತರಾದ ನಂತರ ಕುಟುಂಬವು ಸಾತಾರಾದಲ್ಲಿ ನೆಲೆಸಿತು. ಬಾಲಕ ಭೀಮರಾವ್ ಅಲ್ಲಿನ ಶಾಲೆಗೆ ಸೇರಿದರು. ತರಗತಿಯಲ್ಲಿ ಇತರ ಮಕ್ಕಳೊಡನೆ ಕುಳಿತುಕೊಳ್ಳಲು ಅವಕಾಶವಿರಲಿಲ್ಲ. ಮನೆಯಿಂದ ತಂದ ಗೋಣಿತಟ್ಟನ್ನು ಮೂಲೆಯಲ್ಲಿ ಹಾಸಿಕೊಂಡು ಕುಳಿತು ಪಾಠ ಕೇಳಬೇಕಾಗಿತ್ತು. ಬಾಯಾರಿದರೆ ಶಾಲೆಯ ನೀರಿನ ಪಾತ್ರೆಯನ್ನು ಮುಟ್ಟುವಂತಿರಲಿಲ್ಲ. ಶಾಲೆಯ ಜವಾನನು ಬಂದು ಮೇಲಿನಿಂದ ನೀರು ಸುರಿದರೆ ಮಾತ್ರ ಕುಡಿಯಬಹುದಾಗಿತ್ತು. ಜವಾನನು ಇಲ್ಲದ ದಿನ ನೀರೂ ಇರುತ್ತಿರಲಿಲ್ಲ. ಶಾಲೆಯು ಸರ್ಕಾರದ್ದಾಗಿದ್ದರೂ ಅಲ್ಲಿನ ನೀರು ಎಲ್ಲ ಮಕ್ಕಳದ್ದಾಗಿರಲಿಲ್ಲ.

ವಿದ್ಯಾಭ್ಯಾಸ

ಮುಂದೆ ಕುಟುಂಬವು ಮುಂಬಯಿಗೆ ಬಂದಿತು. ಎಲ್ಫಿನ್‌ಸ್ಟನ್ ಪ್ರೌಢಶಾಲೆಯಲ್ಲಿ ಓದಿದ ಅವರು 1907ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿ 1912ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ವಿಷಯಗಳಲ್ಲಿ ಬಿ.ಎ. ಪದವಿ ಪಡೆದರು. 1913ರಲ್ಲಿ ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಅವರು ಮಂಜೂರು ಮಾಡಿದ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ವಿದ್ಯಾರ್ಥಿವೇತನದ ಮೊತ್ತವು ಮೂರು ವರ್ಷಗಳ ಅವಧಿಗೆ ತಿಂಗಳಿಗೆ 11.50 ಪೌಂಡ್ ಆಗಿತ್ತು. ವ್ಯಾಸಂಗ ಮುಗಿದ ನಂತರ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂಬ ಷರತ್ತನ್ನೂ ವಿಧಿಸಲಾಗಿತ್ತು.

1915ರಲ್ಲಿ ಎಂ.ಎ. ಪದವಿ ಪಡೆದು, 1916ರಲ್ಲಿ ಲಂಡನ್ನಿಗೆ ತೆರಳಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ ಗ್ರೇಸ್ ಇನ್ ಸಂಸ್ಥೆಗಳಿಗೆ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿದ ಕಾರಣ 1917ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಬೇಕಾಯಿತು. ಷರತ್ತಿನಂತೆ ಬರೋಡಾದಲ್ಲಿ ಉನ್ನತ ಹುದ್ದೆಗೆ ಸೇರಿದರಾದರೂ ಇಡೀ ನಗರದಲ್ಲಿ ಅವರಿಗೆ ಬಾಡಿಗೆಗೆ ಒಂದು ಕೊಠಡಿ ದೊರೆಯಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಕೆಲವು ದಿನ ತಂಗಿದ್ದು, ಜಾತಿ ತಿಳಿದೊಡನೆ ಅಲ್ಲಿಂದಲೂ ಹೊರಹಾಕಲ್ಪಟ್ಟರು. ಕಚೇರಿಯಲ್ಲಿ ಜವಾನರು ಕಡತಗಳನ್ನು ಅವರ ಕೈಗೆ ಕೊಡದೆ ಮೇಜಿನ ಮೇಲೆ ಎಸೆದು ಹೋಗುತ್ತಿದ್ದರು. ವಿದೇಶದ ಪದವಿಯಾಗಲೀ ರಾಜಾಶ್ರಯದ ಹುದ್ದೆಯಾಗಲೀ ಅವರಿಗೆ ತಲೆಯ ಮೇಲೊಂದು ಸೂರನ್ನು ಒದಗಿಸಲಿಲ್ಲ.

1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸೇರಿ, ಸಂಬಳದಲ್ಲಿ ಉಳಿತಾಯ ಮಾಡಿದರು. 1920ರಲ್ಲಿ ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರ ನೆರವಿನಿಂದ ಮೂಕನಾಯಕ ಎಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಪುನಃ ಲಂಡನ್ನಿಗೆ ತೆರಳಿ 1921ರಲ್ಲಿ ಎಂ.ಎಸ್‌ಸಿ., 1922ರಲ್ಲಿ ಬ್ಯಾರಿಸ್ಟರ್ ಹಾಗೂ 1923ರಲ್ಲಿ ಡಿ.ಎಸ್‌ಸಿ. ಪದವಿಗಳನ್ನು ಸಂಪಾದಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್.ಡಿ. ಪದವಿಯು 1927ರಲ್ಲಿ ಪ್ರದಾನವಾಯಿತು.

ಸಾರ್ವಜನಿಕ ಜೀವನದ ಆರಂಭ

ಮುಂಬಯಿಯಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದ ಅಂಬೇಡ್ಕರ್ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯನ್ನು ಸ್ಥಾಪಿಸಿದರು. ಶಿಕ್ಷಣ ಪ್ರಸಾರ, ವಿದ್ಯಾರ್ಥಿ ನಿಲಯಗಳ ಸ್ಥಾಪನೆ ಮತ್ತು ಶೋಷಿತ ವರ್ಗಗಳ ಅಹವಾಲುಗಳನ್ನು ಸರ್ಕಾರದ ಮುಂದಿಡುವುದು ಸಭೆಯ ಉದ್ದೇಶಗಳಾಗಿದ್ದವು. ಬೆಳಗಾವಿ, ಧಾರವಾಡ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ ಅವರ ಕಾರ್ಯಕ್ಷೇತ್ರವು ಕನ್ನಡ ನಾಡಿಗೂ ವಿಸ್ತರಿಸಿತ್ತು. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಭಾಗವಹಿಸಿದ್ದರು. ಅವರ ಪ್ರಯತ್ನದಿಂದ ಸ್ಥಾಪನೆಗೊಂಡ ವಿದ್ಯಾರ್ಥಿ ನಿಲಯಗಳಲ್ಲಿ ಧಾರವಾಡದ ನಿಲಯವೂ ಒಂದು.

ಮಹಾಡದ ಚವದಾರ ಕೆರೆ

ಅಂಬೇಡ್ಕರ್ ಅವರ ಚಿಂತನೆಯಲ್ಲಿ ಆಳವಾದ ಗುರುತು ಉಳಿಸಿದ ಘಟನೆ ಕೊಂಕಣದ ಮಹಾಡ ಪಟ್ಟಣದ ಚವದಾರ ಕೆರೆಗೆ ಸಂಬಂಧಿಸಿದ್ದು. 1923ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾದ ಎಸ್.ಕೆ. ಬೋಲೆ ಅವರು ನಿರ್ಣಯವೊಂದನ್ನು ಮಂಡಿಸಿದರು. ಸಾರ್ವಜನಿಕ ಹಣದಿಂದ ನಿರ್ಮಿಸಿದ ಅಥವಾ ನಿರ್ವಹಿಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ನ್ಯಾಯಾಲಯ, ಕಚೇರಿ ಮತ್ತು ಔಷಧಾಲಯಗಳನ್ನು ಬಳಸಲು ಅಸ್ಪೃಶ್ಯರೆನಿಸಿದವರಿಗೂ ಅವಕಾಶವಿರಬೇಕೆಂಬುದು ಅದರ ಸಾರಾಂಶ. ನಿರ್ಣಯವು ಅಂಗೀಕಾರವಾಯಿತು. ಅದರಂತೆ ಮಹಾಡ ಪುರಸಭೆಯು 1924ರಲ್ಲಿ ಚವದಾರ ಕೆರೆಯನ್ನು ಎಲ್ಲರಿಗೂ ಮುಕ್ತಗೊಳಿಸಿತು.

ಶಾಸನ ಸಭೆಯ ನಿರ್ಣಯವಿತ್ತು. ಪುರಸಭೆಯ ಆದೇಶವೂ ಇತ್ತು. ಆದರೂ ಮೂರು ವರ್ಷಗಳ ಕಾಲ ಒಬ್ಬ ದಲಿತನೂ ಆ ಕೆರೆಯ ನೀರನ್ನು ಮುಟ್ಟಲು ಸಾಧ್ಯವಾಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರ ನೇತೃತ್ವದಲ್ಲಿ ಸಾವಿರಾರು ಜನರು ಮೆರವಣಿಗೆಯಲ್ಲಿ ಸಾಗಿ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಇದಾದ ಸ್ವಲ್ಪ ಹೊತ್ತಿನಲ್ಲಿಯೇ, ಅವರು ದೇವಾಲಯವನ್ನು ಪ್ರವೇಶಿಸಲಿದ್ದಾರೆಂಬ ವದಂತಿ ಹಬ್ಬಿ, ಊರಿಗೆ ಹಿಂದಿರುಗುತ್ತಿದ್ದ ಪ್ರತಿನಿಧಿಗಳ ಮೇಲೆ ಹಲ್ಲೆ ನಡೆಯಿತು. ಸವರ್ಣೀಯರು ಕೆರೆಯನ್ನು ಶುದ್ಧಿ ಮಾಡಿಸಿದರು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ಪುರಸಭೆಯು ತನ್ನ ಹಿಂದಿನ ನಿರ್ಣಯವನ್ನು ರದ್ದುಪಡಿಸಿತು.

ಡಿಸೆಂಬರ್ ತಿಂಗಳಲ್ಲಿ ಎರಡನೆಯ ಸಮ್ಮೇಳನವನ್ನು ಏರ್ಪಡಿಸಿದಾಗ, ಕೆರೆಯು ಖಾಸಗಿ ಸ್ವತ್ತು ಎಂದು ವಾದಿಸಿ ಕೆಲವರು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ತಂದರು. ಸತ್ಯಾಗ್ರಹಕ್ಕೆ ಸಿದ್ಧರಾಗಿ ಬಂದಿದ್ದ ಜನರು ಕೆರೆಗೆ ಇಳಿಯಲೇಬೇಕೆಂದು ಒತ್ತಾಯಿಸಿದರು. ಆದರೆ ನ್ಯಾಯಾಲಯದ ಆಜ್ಞೆಯನ್ನು ಮೀರಬಾರದೆಂದು ಅಂಬೇಡ್ಕರ್ ಅವರು ಅವರನ್ನು ಒಪ್ಪಿಸಿದರು. ಜಾತಿ ತಾರತಮ್ಯವನ್ನು ಪ್ರತಿಭಟಿಸಿ ಡಿಸೆಂಬರ್ 25ರಂದು ಸಮ್ಮೇಳನದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. ನೀರಿನ ಹಕ್ಕಿನ ಹೋರಾಟವು ನ್ಯಾಯಾಲಯದಲ್ಲಿ ಮುಂದುವರಿಯಿತು. ಕೆಳ ನ್ಯಾಯಾಲಯಗಳನ್ನು ದಾಟಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ತಲುಪಿದ ಈ ವ್ಯಾಜ್ಯದಲ್ಲಿ 1937ರ ಮಾರ್ಚ್ 17ರಂದು ತೀರ್ಪು ಹೊರಬಿದ್ದಿತು. ಅನಾದಿ ಕಾಲದಿಂದ ನಡೆದುಬಂದ ರೂಢಿಯೆಂಬ ವಾದವನ್ನು ದಾವೆದಾರರು ಸಾಬೀತುಪಡಿಸಲಿಲ್ಲವೆಂದು ನ್ಯಾಯಾಲಯವು ಅಂಬೇಡ್ಕರ್ ಅವರ ಪರವಾಗಿ ತೀರ್ಪಿತ್ತಿತು. ಒಂದು ಬೊಗಸೆ ನೀರಿನ ಹಕ್ಕು ಸ್ಥಿರಪಡಲು ಹತ್ತು ವರ್ಷಗಳು ಹಿಡಿದವು. ಜಾರಿಗೆ ತರುವ ಖಚಿತವಾದ ಉಪಾಯವಿಲ್ಲದಿದ್ದರೆ ಘೋಷಣೆಯಿಂದ ಯಾರಿಗೂ ಪ್ರಯೋಜನವಿಲ್ಲವೆಂಬ ಅರಿವನ್ನು ಮಹಾಡವು ಅವರಿಗೆ ನೀಡಿತು.

ರಾಜಕೀಯ ಹಕ್ಕುಗಳಿಗಾಗಿ ಹೋರಾಟ

1930ರಿಂದ 1932ರವರೆಗೆ ಲಂಡನ್ನಿನಲ್ಲಿ ನಡೆದ ದುಂಡು ಮೇಜಿನ ಪರಿಷತ್ತುಗಳಲ್ಲಿ ಅಂಬೇಡ್ಕರ್ ಅವರು ಶೋಷಿತ ವರ್ಗಗಳನ್ನು ಪ್ರತಿನಿಧಿಸಿದರು. 1932ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರವು ಶೋಷಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಪ್ರಕಟಿಸಿದಾಗ ಮಹಾತ್ಮ ಗಾಂಧಿಯವರು ಅದನ್ನು ವಿರೋಧಿಸಿ ಯರವಡಾ ಸೆರೆಮನೆಯಲ್ಲಿ ಉಪವಾಸ ಕೈಗೊಂಡರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರಗಳ ಬದಲಿಗೆ ಪ್ರಾಂತೀಯ ಶಾಸನ ಸಭೆಗಳಲ್ಲಿ 148 ಸ್ಥಾನಗಳನ್ನು ಮೀಸಲಿಡಲು ಒಪ್ಪಲಾಯಿತು.

1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಸ್ಥಾಪಿಸಿದ ಅವರು 1942ರಿಂದ 1946ರವರೆಗೆ ವೈಸರಾಯ್ ಅವರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಕಾರ್ಖಾನೆಗಳ ಕೆಲಸದ ಅವಧಿಯನ್ನು ವಾರಕ್ಕೆ 54 ಗಂಟೆಗಳಿಂದ 48 ಗಂಟೆಗಳಿಗೆ ಇಳಿಸಿದ 1946ರ ಕಾರ್ಖಾನೆಗಳ ತಿದ್ದುಪಡಿ ಕಾಯ್ದೆಯು ಈ ಅವಧಿಯ ಪ್ರಯತ್ನಗಳ ಫಲವಾಗಿದೆ.

ಸಂವಿಧಾನ ರಚನೆ

ಸಂವಿಧಾನ ರಚನಾ ಸಭೆಯು 1946ರ ಡಿಸೆಂಬರ್ 9ರಂದು ನವದೆಹಲಿಯಲ್ಲಿ ಪ್ರಥಮ ಬಾರಿಗೆ ಸೇರಿತು. ಅಂಬೇಡ್ಕರ್ ಅವರು ಬಂಗಾಳ ಪ್ರಾಂತ್ಯದಿಂದ ಆಯ್ಕೆಯಾಗಿದ್ದರು. ದೇಶ ವಿಭಜನೆಯಿಂದ ಆ ಸ್ಥಾನವು ಕಳೆದುಹೋದಾಗ 1947ರ ಜುಲೈನಲ್ಲಿ ಮುಂಬಯಿ ಪ್ರಾಂತ್ಯದಿಂದ ಪುನರಾಯ್ಕೆಯಾದರು. ಅದಕ್ಕೂ ಮುನ್ನ, 1947ರ ಆರಂಭದಲ್ಲಿಯೇ, ಮೂಲಭೂತ ಹಕ್ಕುಗಳ ಉಪಸಮಿತಿಗೆ ಅವರು ವಿವರವಾದ ಮನವಿಪತ್ರವನ್ನು ಸಲ್ಲಿಸಿದ್ದರು. ಹಕ್ಕುಗಳ ಪಟ್ಟಿಯ ಜೊತೆಗೆ, ಅವುಗಳ ಉಲ್ಲಂಘನೆಯಾದಾಗ ದೊರೆಯಬೇಕಾದ ಪರಿಹಾರಗಳನ್ನೂ ಅದರಲ್ಲಿ ಬರೆದಿದ್ದರು. ಕೃಷಿಭೂಮಿ ಮತ್ತು ಪ್ರಮುಖ ಉದ್ಯಮಗಳು ರಾಜ್ಯದ ಒಡೆತನದಲ್ಲಿರಬೇಕೆಂಬ ಅವರ ಸಲಹೆಯು ಸಂವಿಧಾನದಲ್ಲಿ ಸ್ಥಾನ ಪಡೆಯಲಿಲ್ಲ.

ಸ್ವತಂತ್ರ ಭಾರತದ ಪ್ರಥಮ ಕಾನೂನು ಸಚಿವರಾದ ಅಂಬೇಡ್ಕರ್ ಅವರನ್ನು 1947ರ ಆಗಸ್ಟ್‌ನಲ್ಲಿ ಕರಡು ರಚನಾ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು. ಸಾಂವಿಧಾನಿಕ ಸಲಹೆಗಾರರಾಗಿದ್ದ, ಕರ್ನಾಟಕದ ಕರಾವಳಿ ಮೂಲದ ಸರ್ ಬೆನಗಲ್ ನರಸಿಂಗ ರಾವ್ ಅವರು ಸಿದ್ಧಪಡಿಸಿದ ಪ್ರಾಥಮಿಕ ಕರಡನ್ನು ಸಮಿತಿಯು ಪರಿಶೀಲನೆಗೆ ಎತ್ತಿಕೊಂಡಿತು. ಮೈಸೂರು ಸಂಸ್ಥಾನದ ದಿವಾನರಾಗಿದ್ದ ಎನ್. ಮಾಧವರಾವ್ ಅವರೂ ನಂತರ ಸಮಿತಿಯ ಸದಸ್ಯರಾದರು. ಸದಸ್ಯರ ಪೈಕಿ ಕೆಲವರು ಅನಾರೋಗ್ಯ, ಮರಣ, ರಾಜೀನಾಮೆ ಹಾಗೂ ಇತರ ಕರ್ತವ್ಯಗಳ ಕಾರಣದಿಂದ ಗೈರುಹಾಜರಾಗಿದ್ದುದರಿಂದ ಕೆಲಸದ ಬಹುಭಾಗವನ್ನು ಅಧ್ಯಕ್ಷರೇ ಹೊರಬೇಕಾಯಿತೆಂದು ಮತ್ತೊಬ್ಬ ಸದಸ್ಯರಾದ ಟಿ.ಟಿ. ಕೃಷ್ಣಮಾಚಾರಿ ಅವರು ಸಭೆಯಲ್ಲಿ ತಿಳಿಸಿದರು. ಮಧುಮೇಹದಿಂದ ಬಳಲುತ್ತಿದ್ದ ಅಂಬೇಡ್ಕರ್ ಅವರು ಆರೋಗ್ಯವನ್ನು ಲೆಕ್ಕಿಸದೆ ಈ ಕಾರ್ಯದಲ್ಲಿ ತೊಡಗಿದ್ದರು.

315 ಅನುಚ್ಛೇದಗಳ ಕರಡನ್ನು 1948ರ ಫೆಬ್ರವರಿಯಲ್ಲಿ ಸಲ್ಲಿಸಲಾಯಿತು. ನವೆಂಬರ್ 4ರಂದು ಅದನ್ನು ಸಭೆಯಲ್ಲಿ ಮಂಡಿಸಿದ ಅಂಬೇಡ್ಕರ್ ಅವರು ಮುಂದಿನ ಒಂದು ವರ್ಷದ ಕಾಲ ಪ್ರತಿಯೊಂದು ಅನುಚ್ಛೇದದ ಬಗ್ಗೆ ಸದಸ್ಯರು ಎತ್ತಿದ ಆಕ್ಷೇಪಣೆಗಳಿಗೆ ಉತ್ತರ ನೀಡಿದರು. ಸೂಚಿತವಾದ ತಿದ್ದುಪಡಿಗಳ ಸಂಖ್ಯೆ 7,635. ಅವುಗಳಲ್ಲಿ 2,473 ತಿದ್ದುಪಡಿಗಳು ಸಭೆಯ ಮುಂದೆ ಮಂಡನೆಯಾದವು.

ಹಕ್ಕುಗಳು ಮತ್ತು ಪರಿಹಾರ

ಅಸ್ಪೃಶ್ಯತೆಯನ್ನು ನಿರ್ಮೂಲನಗೊಳಿಸಿ ಅದರ ಆಚರಣೆಯನ್ನು ಅಪರಾಧವೆಂದು ಸಾರುವ ಅನುಚ್ಛೇದವನ್ನು 1948ರ ನವೆಂಬರ್ 29ರಂದು ಸಭೆಯು ಅಂಗೀಕರಿಸಿತು. ಅದು ಇಂದಿನ 17ನೇ ಅನುಚ್ಛೇದ. ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ ಹಾಗೂ ಉಪಾಹಾರ ಗೃಹಗಳ ಬಳಕೆಗೆ ಸಂಬಂಧಿಸಿದಂತೆ ಧರ್ಮ, ಮೂಲವಂಶ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಕಾರಣದಿಂದ ಯಾವ ನಾಗರಿಕನಿಗೂ ಅಡ್ಡಿಪಡಿಸತಕ್ಕದ್ದಲ್ಲವೆಂದು 15ನೇ ಅನುಚ್ಛೇದವು ವಿಧಿಸುತ್ತದೆ. ಸಾರ್ವಜನಿಕ ಹಣದಿಂದ ನಿರ್ವಹಿಸುವ ಕೆರೆ ಬಾವಿಗಳು ಎಂಬ 1923ರ ನಿರ್ಣಯದ ಆಶಯವು ಇಲ್ಲಿ ದೇಶದ ಪರಮೋಚ್ಚ ಕಾನೂನಾಗಿ ಮರಳಿ ಬಂದಿರುವುದನ್ನು ಗಮನಿಸಬಹುದು. ಪುರಸಭೆಯೊಂದು ಬಹುಮತದಿಂದ ಅದನ್ನು ಹಿಂಪಡೆಯುವ ಅವಕಾಶ ಇನ್ನು ಉಳಿಯಲಿಲ್ಲ.

ಇಂದಿನ 32ನೇ ಅನುಚ್ಛೇದವು 1948ರ ಡಿಸೆಂಬರ್ 9ರಂದು ಚರ್ಚೆಗೆ ಬಂದಿತು. ಮೂಲಭೂತ ಹಕ್ಕುಗಳನ್ನು ಜಾರಿಗೊಳಿಸಲು ಸರ್ವೋಚ್ಚ ನ್ಯಾಯಾಲಯವನ್ನು ನೇರವಾಗಿ ಕೋರುವುದು ಸ್ವತಃ ಒಂದು ಮೂಲಭೂತ ಹಕ್ಕೆಂದು ಈ ಅನುಚ್ಛೇದವು ಘೋಷಿಸುತ್ತದೆ. ಇಡೀ ಸಂವಿಧಾನದಲ್ಲಿ ಅತ್ಯಂತ ಮುಖ್ಯವಾದ ಅನುಚ್ಛೇದವನ್ನು ಹೆಸರಿಸಬೇಕಾದರೆ ತಾವು ಇದನ್ನೇ ಹೆಸರಿಸುವುದಾಗಿ ಅಂಬೇಡ್ಕರ್ ಅವರು ಸಭೆಗೆ ತಿಳಿಸಿದರು. ಇದಿಲ್ಲದಿದ್ದರೆ ಉಳಿದುದೆಲ್ಲವೂ ಸತ್ವಹೀನವಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಹಕ್ಕುಗಳ ರಕ್ಷಣೆಗಾಗಿ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಕೋ ವಾರಂಟೊ ಹಾಗೂ ಸರ್ಷಿಯೊರರಿ ಎಂಬ ಐದು ಬಗೆಯ ರಿಟ್‌ಗಳನ್ನು ಹೊರಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಲಾಗಿದೆ. ಅಕ್ರಮ ಬಂಧನದಲ್ಲಿರುವವರನ್ನು ತನ್ನ ಮುಂದೆ ಹಾಜರುಪಡಿಸುವಂತೆಯೂ, ಕಾನೂನು ವಿಧಿಸಿದ ಕರ್ತವ್ಯವನ್ನು ಮಾಡುವಂತೆಯೂ ನ್ಯಾಯಾಲಯವು ಪ್ರಾಧಿಕಾರಗಳಿಗೆ ಆದೇಶಿಸಬಹುದು. 226ನೇ ಅನುಚ್ಛೇದದ ಮೇರೆಗೆ ರಾಜ್ಯಗಳ ಉಚ್ಚ ನ್ಯಾಯಾಲಯಗಳಿಗೂ ಇಂತಹ ಅಧಿಕಾರವಿದೆ.

ಎಲ್ಲ ವಿಷಯಗಳಲ್ಲಿಯೂ ಸಭೆಯ ನಿರ್ಧಾರವು ಜನರಿಗೆ ತೃಪ್ತಿ ನೀಡಲಿಲ್ಲ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನದ ಹೊರತು ಕಸಿಯಬಾರದೆಂದು ಮಾತ್ರ ಒಪ್ಪಿದಾಗ, ಆ ರಕ್ಷಣೆ ಸಾಲದೆಂದು ವ್ಯಾಪಕ ಟೀಕೆ ಬಂದಿತು. ಈ ಅಸಮಾಧಾನವನ್ನು ಮನಗಂಡ ಅಂಬೇಡ್ಕರ್ ಅವರು 1949ರ ಸೆಪ್ಟೆಂಬರ್‌ನಲ್ಲಿ ಹೊಸ ಅನುಚ್ಛೇದವೊಂದನ್ನು ಮಂಡಿಸಿದರು. ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸುವುದು, ವಕೀಲರನ್ನು ನೇಮಿಸಿಕೊಳ್ಳಲು ಬಿಡುವುದು ಮತ್ತು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಅದರಿಂದ ಕಡ್ಡಾಯವಾಯಿತು. ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶ ನೀಡಿದ್ದರಿಂದ ಅದೂ ಟೀಕೆಗೆ ಗುರಿಯಾಯಿತು. ಇದೇ ಇಂದಿನ 22ನೇ ಅನುಚ್ಛೇದ.

ಸಂವಿಧಾನವು 1949ರ ನವೆಂಬರ್ 26ರಂದು ಅಂಗೀಕಾರವಾಗಿ 1950ರ ಜನವರಿ 26ರಂದು ಪೂರ್ಣವಾಗಿ ಜಾರಿಗೆ ಬಂದಿತು. ಅಂಗೀಕಾರದ ಹಿಂದಿನ ದಿನ ಮಾಡಿದ ಭಾಷಣದಲ್ಲಿ ಅಂಬೇಡ್ಕರ್ ಅವರು ಸಂತೋಷಕ್ಕಿಂತ ಹೆಚ್ಚಾಗಿ ಎಚ್ಚರಿಕೆಯನ್ನು ನೀಡಿದರು. ರಾಜಕೀಯದಲ್ಲಿ ಪ್ರತಿಯೊಬ್ಬನಿಗೂ ಸಮಾನ ಮತ ದೊರೆತರೂ ಸಾಮಾಜಿಕ ಹಾಗೂ ಆರ್ಥಿಕ ಜೀವನದಲ್ಲಿ ಅಸಮಾನತೆ ಉಳಿಯುವುದರಿಂದ, ಈ ವೈರುಧ್ಯವನ್ನು ಬೇಗನೆ ನಿವಾರಿಸದಿದ್ದರೆ ಪ್ರಜಾಪ್ರಭುತ್ವಕ್ಕೇ ಅಪಾಯವಿದೆಯೆಂದು ಅವರು ಪ್ರತಿಪಾದಿಸಿದರು.

ಅಂತಿಮ ವರ್ಷಗಳು

1951ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿಯ ಮೂಲಕ 15ನೇ ಅನುಚ್ಛೇದಕ್ಕೆ ನಾಲ್ಕನೆಯ ಖಂಡವನ್ನು ಸೇರಿಸಲಾಯಿತು. ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗಗಳು, ಪರಿಶಿಷ್ಟ ಜಾತಿಗಳು ಹಾಗೂ ಪರಿಶಿಷ್ಟ ಪಂಗಡಗಳ ಏಳಿಗೆಗಾಗಿ ರಾಜ್ಯವು ವಿಶೇಷ ಸೌಲಭ್ಯಗಳನ್ನು ಕಲ್ಪಿಸಲು ಈ ಖಂಡವು ಆಧಾರವಾಗಿದೆ. ಸ್ತ್ರೀಯರಿಗೆ ಆಸ್ತಿ ಹಾಗೂ ವಿವಾಹದ ವಿಷಯಗಳಲ್ಲಿ ನ್ಯಾಯ ಒದಗಿಸುವ ಉದ್ದೇಶದಿಂದ ಅಂಬೇಡ್ಕರ್ ಅವರು ಮುನ್ನಡೆಸಿದ ಹಿಂದೂ ಸಂಹಿತೆ ಮಸೂದೆಯು ಸಂಸತ್ತಿನಲ್ಲಿ ಸ್ಥಗಿತಗೊಂಡಿತು. ಈ ಕಾರಣಕ್ಕಾಗಿಯೂ ಇತರ ಭಿನ್ನಾಭಿಪ್ರಾಯಗಳಿಗಾಗಿಯೂ ಅವರು ಅದೇ ವರ್ಷ ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. ಮಸೂದೆಯ ಅನೇಕ ಅಂಶಗಳು 1955 ಮತ್ತು 1956ರಲ್ಲಿ ಪ್ರತ್ಯೇಕ ಕಾಯ್ದೆಗಳಾಗಿ ಜಾರಿಗೆ ಬಂದವು.

1952ರ ಲೋಕಸಭಾ ಚುನಾವಣೆಯಲ್ಲಿ ಪರಾಭವಗೊಂಡ ನಂತರ ಅವರು ರಾಜ್ಯಸಭೆಯ ಸದಸ್ಯರಾದರು. 17ನೇ ಅನುಚ್ಛೇದವನ್ನು ಕಾರ್ಯಗತಗೊಳಿಸುವ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯು 1955ರಲ್ಲಿ ಜಾರಿಗೆ ಬಂದಿದ್ದು, 1976ರಲ್ಲಿ ತಿದ್ದುಪಡಿಯಾಗಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಂದಿಗೆ ಅಂಬೇಡ್ಕರ್ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನರಾದರು. ಮುಂಬಯಿಯ ದಾದರ್‌ನಲ್ಲಿರುವ ಚೈತ್ಯಭೂಮಿಯು ಅವರ ಅಂತ್ಯಸಂಸ್ಕಾರ ನಡೆದ ಸ್ಥಳವಾಗಿದೆ. 1990ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತ ರತ್ನ ಪ್ರಶಸ್ತಿಯನ್ನು ನೀಡಿ ಗೌರವಿಸಲಾಯಿತು. 2015ರಿಂದ ನವೆಂಬರ್ 26ನ್ನು ಸಂವಿಧಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ನಾಗರಿಕರ ಗಮನಕ್ಕೆ

ವಿದ್ಯಾರ್ಥಿವೇತನ, ವಿದ್ಯಾರ್ಥಿ ನಿಲಯ ಪ್ರವೇಶ, ಪ್ರಮಾಣಪತ್ರ ಅಥವಾ ಇತರ ಯಾವುದೇ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸಲು ಸರ್ಕಾರಿ ಕಚೇರಿಗೆ ಬರುವ ವ್ಯಕ್ತಿಯು ಯಾರ ಕೃಪೆಯನ್ನೂ ಬೇಡಲು ಬರುವುದಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂಬ 14ನೇ ಅನುಚ್ಛೇದವು ಪ್ರತಿಯೊಂದು ಕಚೇರಿಗೂ ಅನ್ವಯಿಸುತ್ತದೆ. ಅರ್ಜಿದಾರರು ಅರ್ಜಿಗೆ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು. ಅರ್ಜಿ ತಿರಸ್ಕೃತವಾದಲ್ಲಿ ಅದರ ಕಾರಣವನ್ನು ಬರಹದಲ್ಲಿ ಕೇಳಬೇಕು. ಕರ್ನಾಟಕ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆಯಡಿ ಅಧಿಸೂಚಿತ ಸೇವೆಗಳನ್ನು ನಿಗದಿತ ಅವಧಿಯೊಳಗೆ ಪಡೆಯಲು, ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಕಡತದ ಸ್ಥಿತಿಗತಿಯ ಬಗ್ಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಾಹಿತಿ ಕೋರಬಹುದು.

ನ್ಯಾಯಾಲಯದ ಮೊರೆ ಹೋಗಲು ಹಣವಿಲ್ಲವೆಂಬ ಕಾರಣದಿಂದ ಹಕ್ಕನ್ನು ಬಿಟ್ಟುಕೊಡುವ ಅಗತ್ಯವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಮೇರೆಗೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು ಹಾಗೂ ಇತರ ಅರ್ಹರು ಉಚಿತ ಕಾನೂನು ನೆರವು ಪಡೆಯಬಹುದಾಗಿದೆ. ಇದಕ್ಕಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಸಾರ್ವಜನಿಕ ಸ್ಥಳದಲ್ಲಿಯಾಗಲೀ ಕಚೇರಿಯಲ್ಲಿಯಾಗಲೀ ಜಾತಿಯ ಕಾರಣದಿಂದ ತಡೆಯೊಡ್ಡಿದಲ್ಲಿ ಅಥವಾ ದೌರ್ಜನ್ಯ ನಡೆದಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಹಾಗೂ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು.

ಮಹಾಡದ ಜನರಿಗೆ ನಿರ್ಣಯವಿತ್ತು, ಅದನ್ನು ಜಾರಿಗೊಳಿಸುವ ದಾರಿ ಇರಲಿಲ್ಲ. ಇಂದಿನ ನಾಗರಿಕರಿಗೆ ಹಕ್ಕು ಮತ್ತು ದಾರಿ ಎರಡನ್ನೂ ಸಂವಿಧಾನವು ಒದಗಿಸಿದೆ. ಅವುಗಳನ್ನು ತಿಳಿದು ಬಳಸಿಕೊಳ್ಳುವುದು ಪ್ರತಿಯೊಬ್ಬರ ಹೊಣೆಯಾಗಿದ್ದು, ಅದಕ್ಕೆ ನೆರವಾಗುವುದು ಪ್ರತಿಯೊಂದು ಕಚೇರಿಯ ಕರ್ತವ್ಯವಾಗಿದೆ.